ಹಾಲಮ್ಮನವರ ಸ್ಟೀಲು ಡಬ್ಬಿ

ಚಿಂತೆ ಹತ್ತಿದಾಗ ಒಬ್ಬೊಬ್ಬರದು ಒಂದೊಂದು ದಾರಿ. ಕೆಲವರು ಬೀಡಿ ಹಚ್ಚುತ್ತಾರೆ, ಕೆಲವರು ದೇವರ ಮುಂದೆ ಕೂಡುತ್ತಾರೆ, ನಮ್ಮ ಸ್ಕೂಲಿನ ಹೆಡ್‌ಮಾಸ್ತರರು ಮೂಗಿಗೆ ನಶ್ಯ ಏರಿಸಿ ಕಣ್ಣು ಮುಚ್ಚುತ್ತಾರೆ. ನಾನು ಪಾತ್ರೆ ತಿಕ್ಕುತ್ತೇನೆ. ಗಂಡಸಾಗಿ ಹುಟ್ಟಿ, ದಾವಣಗೆರೆಯಂಥ ಊರಿನಲ್ಲಿ ಮಿಡ್ಲ್ ಸ್ಕೂಲಿನ ವಿಜ್ಞಾನದ ಮೇಷ್ಟ್ರು ಅನ್ನಿಸಿಕೊಂಡು, ಮೂವತ್ತು ದಾಟಿದ ಮೇಲೆ ಇಂಥ ಮಾತನ್ನು ಬಾಯಿಬಿಟ್ಟು ಹೇಳುವುದಕ್ಕೆ ನಾಚಿಕೆಯಾಗುತ್ತದೆ. ಆದರೆ ಸುಳ್ಳು ಹೇಳಿ ಏನು ಬಂತು? ಇನ್‌ಸ್ಪೆಕ್ಟರು ತಪಾಸಣೆಗೆ ಬರುತ್ತಾರೆಂದರೆ ನಾನು ಹಿಂದಿನ ದಿನ ಸಂಜೆ ಪಾಠದ ಟಿಪ್ಪಣಿ ಬರೆಯುವುದಿಲ್ಲ; ಹಿತ್ತಲ ಬಾಗಿಲು ಹಾಕಿಕೊಂಡು ಬಚ್ಚಲಕಟ್ಟೆಯ ಮೇಲೆ ಕೂತು ತಂಬಿಗೆಗಳನ್ನು ಬೆಳಗುತ್ತೇನೆ. ಬಾಗಿಲು ಹಾಕಿಕೊಳ್ಳುವುದು ಓಣಿಯವರು ನೋಡಬಾರದೆಂದು. ಓಣಿಯವರಿಗೆಲ್ಲ ಇದು ಗೊತ್ತಿದೆ ಎಂಬುದು ನನಗೂ ಗೊತ್ತಿದೆ. ಆದರೂ ಬಾಗಿಲು ಹಾಕುತ್ತೇನೆ.

ಈ ವಿದ್ಯೆ ಹತ್ತಿದ್ದು ಅಪ್ಪ ಹಾಸಿಗೆ ಹಿಡಿದಾಗ. ಡಾಕ್ಟರು ಒಳಗೆ ನೋಡುತ್ತಿದ್ದರು, ನನಗೆ ಒಳಗೆ ಹೋಗುವ ಧೈರ್ಯವಿರಲಿಲ್ಲ, ಕೈಗೆ ಒಂದು ಹಿತ್ತಾಳೆ ಚೊಂಬು ಸಿಕ್ಕಿತು. ಡಾಕ್ಟರು ಹೊರಗೆ ಬರುವ ಹೊತ್ತಿಗೆ ಆ ಚೊಂಬಿನಲ್ಲಿ ಅವರ ಮುಖ ಕಾಣುತ್ತಿತ್ತು. ಅಂದಿನಿಂದ ನಾನು ಈ ಕೆಲಸದಲ್ಲಿ ಪಳಗಿದ್ದೇನೆ. ಹುಣಸೆಹಣ್ಣು ಎಷ್ಟು ಹಳೆಯದಿರಬೇಕು, ಬೂದಿಯನ್ನು ಎಷ್ಟು ಸಲ ಸಾಣಿಸಬೇಕು, ಇಟ್ಟಿಗೆಪುಡಿಯನ್ನು ತಾಮ್ರಕ್ಕೆ ಎಷ್ಟು, ಹಿತ್ತಾಳೆಗೆ ಎಷ್ಟು ಹಾಕಬೇಕು ಎಂದು ಕೇಳಿದರೆ ನಿದ್ದೆಯಲ್ಲೂ ಹೇಳಿಯೇನು. ಅವ್ವ ಮೊದಮೊದಲು ಬಯ್ದಳು. ಆಮೇಲೆ ಹಬ್ಬ ಹತ್ತಿರ ಬಂದಾಗ ತಾನೇ ಏನಾದರೊಂದು ಕೆಟ್ಟ ಸುದ್ದಿ ಹೇಳಿ ನನ್ನನ್ನು ಚಿಂತೆಗೆ ಹಚ್ಚುತ್ತಿದ್ದಳೆಂದು ನನಗೆ ಗುಮಾನಿ. ಸುದ್ದಿ ಸುಳ್ಳೆಂದು ಗೊತ್ತಾಗುವಷ್ಟರಲ್ಲಿ ಮನೆಯ ದೀಪದ ಕಂಬಗಳೆಲ್ಲ ಲಕಲಕ ಅನ್ನುತ್ತಿದ್ದವು.

ಆ ವರ್ಷ ಮಾತ್ರ ಅವ್ವ ಸುದ್ದಿ ಹುಟ್ಟಿಸುವ ಕಾರಣವಿರಲಿಲ್ಲ. ತಂಗಿ ಗಿರಿಜಳಿಗೆ ಇಪ್ಪತ್ತಮೂರು ತುಂಬಿತ್ತು. ಅಪ್ಪ ಹೋದ ಮೇಲೆ ಆ ಜವಾಬ್ದಾರಿ ನನ್ನ ತಲೆಯ ಮೇಲೆ ಕೂತಿತ್ತು. ಎರಡು ಗಂಡುಗಳು ಬಂದು ನೋಡಿ ಹೋಗಿದ್ದವು. ಮೊದಲನೆಯವರು ಹುಡುಗಿ ಎತ್ತರ ಜಾಸ್ತಿ ಅಂದರು. ಎರಡನೆಯವರು ಏನೂ ಅನ್ನದೆ ಅವಲಕ್ಕಿ ತಿಂದು ಹೋಗಿ, ಆಮೇಲೆ ಸಂತೆಯಲ್ಲಿ ಕಂಡರೂ ಮುಖ ತಿರುಗಿಸಿದರು. ಗಿರಿಜ ಎರಡು ಸಲವೂ ನಕ್ಕು, ಹೋಗಲಿ ಬಿಡಣ್ಣ ಅಂದಿದ್ದಳು. ಮೂರನೆಯದು ಹರಿಹರದ ಸಂಬಂಧ. ಹುಡುಗ ಬಸವರಾಜ ಅಲ್ಲಿಯೇ ಒಂದು ಕಾರ್ಖಾನೆಯಲ್ಲಿ ಫಿಟ್ಟರು. ತಂದೆಯಿಲ್ಲ, ಎಲ್ಲ ಅವನ ತಾಯಿ ಹಾಲಮ್ಮನವರದೇ ಕಾರುಬಾರು. ಅವರು ಬಂದು ನೋಡಿ, ತಿಳಿಸ್ತೀವಿ ಅಂತ ಹೇಳಿ ಹೋದ ಮೇಲೆ ಗಿರಿಜ ಈ ಸಲ ನಗಲಿಲ್ಲ. ಎರಡು ದಿನ ಬಿಟ್ಟು, ಅಕ್ಕಿ ಆರಿಸುತ್ತಾ, ತಲೆ ಎತ್ತದೆ ಕೇಳಿದಳು: “ಅಣ್ಣ, ಹರಿಹರದಿಂದ ಏನಾರ ಸುದ್ದಿ ಬಂತೇನು?” ಅವಳಿಗೆ ಹುಡುಗ ಮನಸ್ಸಿಗೆ ಬಂದಿದ್ದಾನೆಂದು ಆಗ ನನಗೆ ತಿಳಿಯಿತು. ಸೀದಾ ಬಚ್ಚಲಿಗೆ ಹೋದೆ. ಆ ತಿಂಗಳು ನಮ್ಮ ಮನೆಯಲ್ಲಿ ತಿಕ್ಕದೆ ಉಳಿದದ್ದು ಬೀಸುವ ಕಲ್ಲೊಂದೇ.

ಸಂಕ್ರಾಂತಿಯ ಮಾರನೆಯ ದಿನ ಕಡರನಾಯಕನಹಳ್ಳಿಯ ನಮ್ಮ ಸೋದರತ್ತೆ ಬಂದಳು. ಸಂಬಂಧ ತಂದವಳೂ ಅವಳೇ. ಕಂಕುಳಲ್ಲಿ ಬಟ್ಟೆ ಸುತ್ತಿದ ಗಂಟೊಂದನ್ನು ಹಸುಗೂಸಿನ ಹಾಗೆ ಹಿಡಿದಿದ್ದಳು. ಬಿಚ್ಚಿದರೆ ಸ್ಟೀಲಿನ ಡಬ್ಬಿ. ಒಳಗೆ ಎಳ್ಳುಬೆಲ್ಲ. ಹಾಲಮ್ಮನವರು ಕೊಟ್ಟು ಕಳಿಸಿದ್ದರು. ಸ್ಟೀಲು ಆಗಿನ್ನೂ ನಮ್ಮ ಕಡೆ ದೊಡ್ಡವರ ಮನೆಯ ಶೋಕೇಸಿನಲ್ಲಿ ಮಾತ್ರ ಕಾಣುತ್ತಿತ್ತು. ಈ ಡಬ್ಬಿಯನ್ನು ಹಾಲಮ್ಮನವರ ತಮ್ಮ ಮುಂಬಯಿಯಿಂದ ತಂದುಕೊಟ್ಟದ್ದಂತೆ. ಓಣಿಯ ಹೆಂಗಸರೆಲ್ಲ ಬಂದು ಎಳ್ಳುಬೆಲ್ಲಕ್ಕಿಂತ ಹೆಚ್ಚಾಗಿ ಡಬ್ಬಿಯಲ್ಲಿ ತಂತಮ್ಮ ಕುಂಕುಮ ನೋಡಿಕೊಂಡು ಹೋದರು. ತುಕ್ಕು ಹಿಡಿಯದ ಉಕ್ಕು ಎಂದು ಎಷ್ಟೋ ವರ್ಷದಿಂದ ಲೋಹಗಳ ಪಾಠದಲ್ಲಿ ಹೇಳಿಕೊಂಡು ಬಂದಿದ್ದರೂ ನಾನೂ ಅದನ್ನು ಕೈಯಲ್ಲಿ ಹಿಡಿದದ್ದು ಅಂದೇ.

“ಕಳಿಸ್ಯಾಳ ಅಂದ್ರ ಮನಸ್ಸು ಐತೆ ಅಂತ ಅರ್ಥ,” ಅಂದಳು ಅತ್ತೆ. “ಆದ್ರ ಬಾಯಿಬಿಟ್ಟು ಹೇಳಿಲ್ಲ. ಡಬ್ಬಿ ವಾಪಸ್ ಕೊಡಾಕ ನೀನ ಹೋಗು. ಹೋದಾಗ ಮಾತು ತೆಗಿ. ಡಬ್ಬಿ ಜ್ವಾಪಾನ, ಹಾಲಮ್ಮ ಅದನ್ನ ತನ್ನ ಟ್ರಂಕಿನಾಗ ಸೀರೆ ನಡುವೆ ಇಡ್ತಾಳ.”

ಅತ್ತೆ ಇಷ್ಟು ಹೇಳದಿದ್ದರೆ ಚೆನ್ನಾಗಿತ್ತು. ಹೋದಾಗ ಮಾತು ತೆಗಿ ಅಂದರೆ ಏನೆಂದು ತೆಗೆಯುವುದು? ಆಗುವುದಿಲ್ಲ ಅಂದುಬಿಟ್ಟರೆ ಮನೆಗೆ ಬಂದು ಗಿರಿಜಳ ಮುಖ ಹೇಗೆ ನೋಡುವುದು? ಭಾನುವಾರ ಮಧ್ಯಾಹ್ನ ಅವ್ವ, ಗಿರಿಜ ಇಬ್ಬರೂ ಶಾಮನೂರಿಗೆ ಯಾರದೋ ಬಾಣಂತಿಯನ್ನು ನೋಡಲು ಹೋಗಿದ್ದರು. ಎಳ್ಳುಬೆಲ್ಲ ಖಾಲಿಯಾಗಿತ್ತು. ಡಬ್ಬಿ ಅಡುಗೆಮನೆಯ ನಾಗೊಂದಿಗೆಯ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು. ಬೇರೆಯವರ ಪಾತ್ರೆಯನ್ನು ಬೆಳಗಿ ಕೊಡುವುದು ನಮ್ಮಲ್ಲಿ ಮರ್ಯಾದೆ. ಅದರಲ್ಲೂ ಇದು ಬೀಗರಾಗಬೇಕಾದವರ ಪಾತ್ರೆ. ಮನೆಯಲ್ಲಿರುವ ವಿದ್ಯೆಯನ್ನೆಲ್ಲ ತೋರಿಸೋಣವೆಂದು ಹುಣಸೆಹಣ್ಣು, ಬೂದಿ, ಇಟ್ಟಿಗೆಪುಡಿ, ತೆಂಗಿನ ನಾರು ಎಲ್ಲ ತೆಗೆದುಕೊಂಡು ಬಾಗಿಲು ಹಾಕಿ ಕೂತೆ. ಹಾಲಮ್ಮನವರು ಏನನ್ನಬಹುದು, ನಾನು ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಸವಾಲು ಜವಾಬು ನಡೆಸುತ್ತಾ ಸುತ್ತುಸುತ್ತಾಗಿ ತಿಕ್ಕಿದೆ. ಅವರು ಮನಸ್ಸಿನಲ್ಲಿ ಎರಡು ಸಲ ಒಲ್ಲೆ ಅಂದರು. ಎರಡು ಸಲವೂ ಇನ್ನಷ್ಟು ಇಟ್ಟಿಗೆಪುಡಿ ಹಾಕಿದೆ.

ತೊಳೆದು ಬೆಳಕಿಗೆ ಹಿಡಿದು ನೋಡಿದೆ. ಹಿತ್ತಾಳೆಯಾಗಿದ್ದರೆ ಬಂಗಾರವಾಗಬೇಕಾಗಿತ್ತು. ಇದು ಮಂಕು ಹಿಡಿದು ಕೂತಿತ್ತು. ಮೈತುಂಬ ಸಣ್ಣ ಸಣ್ಣ ಗೀರು, ಒಂದರೊಳಗೊಂದು ಚಕ್ರ. ಮುಖ ಕಾಣುತ್ತಿದ್ದ ಜಾಗದಲ್ಲಿ ಮಂಜು ಕವಿದಂತೆ ಒಂದು ಕರಿ ನೆರಳು ಕಾಣುತ್ತಿತ್ತು, ಅದು ನಾನೇ. ಒರೆಸಿದೆ, ಬಿಸಿಲಿಗಿಟ್ಟೆ, ಬಿಸಿನೀರಿನಲ್ಲಿ ಅದ್ದಿದೆ. ನಮ್ಮ ಬಾವಿಯದು ಸವುಳು ನೀರು. ಆರಿದ ಮೇಲೆ ಗೀರುಗಳ ಮೇಲೆ ಬಿಳೀ ಚುಕ್ಕೆಗಳೂ ಎದ್ದವು.

ಸಂಜೆ ಗಿರಿಜ ಬಂದು ನೋಡಿದಳು. ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ ಕೆಳಗಿಟ್ಟಳು. “ಅಣ್ಣ, ಇದನ್ನ ನಾನೇ ತಿಕ್ಕೀನಿ ಅಂತ ಅವರು ತಿಳಕೊಳ್ತಾರ,” ಅಂದಳು. “ಒಂದು ಡಬ್ಬಿ ಇಟ್ಟುಕೊಳ್ಳಾಕ ಬರದಾಕಿ ಮನೆ ಹೆಂಗೆ ನಡೆಸ್ತಾಳ ಅಂತಾರ.” ಅಷ್ಟು ಹೇಳಿ ದೀಪ ಹಚ್ಚಲು ಒಳಗೆ ಹೋದಳು. ನಾನು ತಿಕ್ಕಿದೆ ಅಂತ ಹೇಳ್ತೀನಿ ಎಂದು ಅವಳ ಹಿಂದೆಯೇ ಹೋಗಿ ಹೇಳಿದೆ. ಅವ್ವ ಒಲೆಯ ಮುಂದಿನಿಂದಲೇ ಅಂದಳು: “ಅದನ್ನೊಂದು ಹೇಳಬ್ಯಾಡ ಮಾರಾಯ. ಹುಡುಗಿ ಅಣ್ಣ ಬಚ್ಚಲದಾಗ ಮುಸುರೆ ತಿಕ್ತಾನ ಅಂದ್ರ ಬರೋ ಸಂಬಂಧನೂ ಓಡಿ ಹೋಗತೈತೆ.”

ಮರುದಿನ ಸ್ಕೂಲು ಬಿಟ್ಟೊಡನೆ ಡಬ್ಬಿಯನ್ನು ಪಂಚೆಯಲ್ಲಿ ಸುತ್ತಿಕೊಂಡು ಕಲಾಯಿ ಇಮಾಮ್‌ಸಾಬರ ಹತ್ತಿರ ಹೋದೆ. ಬೇವಿನಮರದ ಕೆಳಗೆ ತಿದಿ ಒತ್ತುತ್ತಾ ಅವರು ನಮ್ಮ ಓಣಿಯ ಮೂರು ತಲೆಮಾರಿನ ಪಾತ್ರೆಗಳಿಗೆ ಕಲಾಯಿ ಹಾಕಿದ್ದಾರೆ. ಪಾತ್ರೆಯ ವಿಷಯದಲ್ಲಿ ಅವರಿಗೆ ತಿಳಿಯದ್ದು ಏನೂ ಇಲ್ಲವೆಂದು ನನ್ನ ನಂಬಿಕೆ. ಇಮಾಮ್‌ಸಾಬರು ಡಬ್ಬಿಯನ್ನು ಉಗುರಿನಿಂದ ತಟ್ಟಿ, ಕಿವಿಯ ಹತ್ತಿರ ಹಿಡಿದು, ರೋಗಿಯನ್ನು ನೋಡಿದ ಹಕೀಮರಂತೆ ತಲೆಯಾಡಿಸಿದರು.

“ಒಂದು ಕೈ ಕಲಾಯಿ ಹಾಕಿಬಿಡ್ರಿ, ಗೀರು ಮುಚ್ಚಲಿ,” ಅಂದೆ.

“ಇದಕ್ಕ ಕಲಾಯಿ ಹತ್ತಂಗಿಲ್ಲ ಮಾಸ್ತರ್. ಹಿತ್ತಾಳೆ ತವರ ಕುಡಿತೈತೆ, ತಾಮ್ರ ಕುಡಿತೈತೆ. ಇದು ಬಾಯೇ ತೆಗಿಯಂಗಿಲ್ಲ. ಇದು ಮನಿಮನಿಗೂ ಬಂದ್ರ ನಾನು ತಿದಿ ಮಾರಿ ಮನಿಯಾಗ ಕೂಡಬೇಕು.” ಅಷ್ಟು ಹೇಳಿ, ನನ್ನ ಮುಖ ನೋಡಿ ಅವರಿಗೇ ಕನಿಕರ ಬಂದಿರಬೇಕು. ಡಬ್ಬಿಯನ್ನು ಬೆಳಕಿಗೆ ಓರೆ ಹಿಡಿದರು. “ನೀವು ಸುತ್ತಾ ತಿಕ್ಕೀರಿ. ಯಾಕ? ಕೊಪ್ಪರಿಗೆ ಅಂತ ತಿಳಕೊಂಡ್ರೇನು? ಇನ್ನ ಮೇಲೆ ಇಟ್ಟಿಗೆಪುಡಿ ಮುಟ್ಟಬ್ಯಾಡ್ರಿ. ಹಳೇ ಮೆತ್ತನ್ನ ಮಲ್ಲು ಬಟ್ಟೆ ತಗೊಂಡು, ನಯವಾದ ಬೂದಿ ಹಚ್ಚಿ, ಬರೇ ಒಂದೇ ಕಡಿಗೆ ಎಳೀರಿ. ಸಾವಕಾಶ. ಸಿಹಿನೀರಾಗ ತೊಳೆದು ಕೂಡಲೇ ಒರೆಸ್ರಿ. ಮೊದಲಿನಂಗೆ ಆಗಂಗಿಲ್ಲ. ನೋಡೋರ ಕಣ್ಣಿಗೆ ಗೀರು ತಟಗು ಕಮ್ಮಿ ಕಾಣತೈತೆ.” ಕೂಲಿ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಕಲಾಯಿ ಹಾಕದೆ ಹೆಂಗೆ ತಗೊಳ್ಳಿ ಅಂದರು.

ನಯವಾದ ಬೂದಿ ಎಂದರೆ ಯಾವುದು? ಒಲೆಯ ಬೂದಿಯನ್ನು ಸೆರಗಿನ ಬಟ್ಟೆಯಲ್ಲಿ ಮೂರು ಸಲ ಸೋಸಿದೆ. ಬೆರಳಿಗೆ ಇನ್ನೂ ತರಿತರಿ. ಆಗ ದೇವರ ಮಾಡದಲ್ಲಿದ್ದ ವಿಭೂತಿ ಗಟ್ಟಿ ಕಣ್ಣಿಗೆ ಬಿತ್ತು. ಅಪ್ಪ ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು ಅದರಿಂದಲೇ ಒರೆಸುತ್ತಿದ್ದುದು ನೆನಪಾಯಿತು. ಬೆಳ್ಳಿಗೆ ಆಗುವುದು ಸ್ಟೀಲಿಗೆ ಯಾಕೆ ಆಗಬಾರದು? ನಾಲ್ಕು ದಿನ ಸ್ನಾನ ಮಾಡಿ, ಹಣೆಗೊಂದಿಷ್ಟು ಧರಿಸಿ, ಉಳಿದದ್ದನ್ನು ಡಬ್ಬಿಗೆ ಧರಿಸಿ, ಒಂದೇ ಕಡೆಗೆ ಎಳೆದೆ. ಅವ್ವ ಇದನ್ನು ಪೂಜೆಯೆಂದೇ ತಿಳಿದು ಸಂತೋಷಪಟ್ಟಳು. ಐದನೆಯ ದಿನ ಮಾಡದಲ್ಲಿ ಗಟ್ಟಿ ಕಡಲೆಬೀಜದಷ್ಟಾದದ್ದನ್ನು ಅವಳು ಕಂಡಾಗ ವಿಷಯ ಹೊರಬಿದ್ದು, ನನಗೆ ಮಂಗಳಾರತಿಯಾಯಿತು. ಆದರೆ ಡಬ್ಬಿಯಲ್ಲಿ ಚಕ್ರಗಳು ಮಸುಕಾಗಿದ್ದವು. ಓರೆಯಾಗಿ ನೋಡಿದರೆ ಮಾತ್ರ ಕಾಣುತ್ತಿದ್ದವು. ಹಾಲಮ್ಮನವರು ನೇರವಾಗಿಯೇ ನೋಡಲಿ ಎಂದು ಬೇಡಿಕೊಂಡೆ.

ಭಾನುವಾರ ಹೊರಟೆ. ಬಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವುದುಂಟೇ? ಗಿರಿಜ ಬೆಳಗ್ಗೆ ಎದ್ದು ಶೇಂಗಾ ಹುರಿದು, ಕುಟ್ಟಿ, ಬೆಲ್ಲದ ಪಾಕ ಹಿಡಿದು ಉಂಡೆ ಕಟ್ಟಿದ್ದಳು. ಇಪ್ಪತ್ತೊಂದು ಉಂಡೆ ಡಬ್ಬಿಗೆ. ಮೇಲೆ ಎರಡು ಉಳಿದವು. ಅವನ್ನು ರೈಲಿನಲ್ಲಿ ತಿನ್ನು ಅಂತ ನನ್ನ ಟವೆಲಿನ ಚುಂಗಿಗೆ ಕಟ್ಟಿದಳು. “ನಾನ ಮಾಡಿದ್ದು ಅಂತ ಹೇಳು,” ಅಂದು, ಸ್ವಲ್ಪ ತಡೆದು, “ಹೇಳದಿದ್ರೂ ನಡಿತೈತೆ,” ಅಂದಳು. ದಾವಣಗೆರೆಯಿಂದ ಹರಿಹರಕ್ಕೆ ರೈಲು ಹತ್ತಿದರೆ ಒಂದು ನಿದ್ದೆಗೂ ಸಾಲದ ದೂರ. ನನಗೆ ಅದು ಕಾಶಿಯಾಯಿತು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಬೆವರು ಅಂಗೈಯಿಂದ ಅದಕ್ಕೆ ತಗುಲದಂತೆ ಬೆರಳ ತುದಿಯಲ್ಲಿ ಹಿಡಿದಿದ್ದೆ. ಎದುರಿಗಿದ್ದ ಮುದುಕರೊಬ್ಬರು ಅದರಲ್ಲೇನು ಹಾವೈತೇನ್ರಿ ಎಂದು ಕೇಳಿದರು.

ಹರಿಹರದಲ್ಲಿ ಇಳಿದು ನೋಡಿದರೆ ರೈಲಿನ ಮಸಿ ಕೂತು ಡಬ್ಬಿಯ ಮುಚ್ಚಳ ಕಪ್ಪಾಗಿತ್ತು. ಒರೆಸಿದೆ, ಕಪ್ಪು ಗೀರಿನೊಳಗೆ ಸೇರಿ ಚಕ್ರಗಳೆಲ್ಲ ಎದ್ದು ಕಂಡವು. ಸಿಹಿನೀರಾಗ ತೊಳೀರಿ ಎಂದು ಇಮಾಮ್‌ಸಾಬರು ಹೇಳಿದ್ದು ನೆನಪಾಯಿತು. ಹರಿಹರದಲ್ಲಿ ಸಿಹಿನೀರಿಗೆ ಬರವೇ? ಹಾಲಮ್ಮನವರ ಮನೆಯ ದಾರಿ ಬಿಟ್ಟು ಹೊಳೆಗೆ ಹೋದೆ. ಟವೆಲನ್ನು ಮೆಟ್ಟಿಲ ಮೇಲೆ ಹಾಸಿ, ಉಂಡೆಗಳನ್ನು ಒಂದೊಂದಾಗಿ ತೆಗೆದು ಅದರ ಮೇಲಿಟ್ಟು, ಡಬ್ಬಿಯನ್ನು ತೊಳೆದು, ಧೋತರದ ಚುಂಗಿನಿಂದ ಒಂದೇ ಕಡೆಗೆ ಎಳೆದೆ. ಒಂದು ಚುಕ್ಕೆಯೂ ಇಲ್ಲ. ಬಿಸಿಲಿಗೆ ಹಿಡಿದರೆ ಹೊಳೆಯ ನೀರೆಲ್ಲ ಅದರಲ್ಲಿ ಮಿನುಗಿತು. ಹತ್ತು ದಿನದಲ್ಲಿ ಮೊದಲ ಸಲ ನನಗೆ ಉಸಿರು ಸರಾಗವಾಗಿ ಬಂತು. ಮುಚ್ಚಳ ಹಾಕಿ, ಎದೆಗೆ ಅವಚಿಕೊಂಡು ಹೊರಟೆ. ಡಬ್ಬಿ ಹಗುರವಾಗಿದೆ ಅಂತ ಅನ್ನಿಸಿತು, ಇಲ್ಲವೆನ್ನುವುದಿಲ್ಲ. ಮನಸ್ಸು ಹಗುರಾದದ್ದಕ್ಕೆ ಹಾಗಾಗಿರಬೇಕು ಅಂದುಕೊಂಡೆ.

ಹಾಲಮ್ಮನವರು ಬಾಗಿಲಲ್ಲೇ ಇದ್ದರು. “ಬರ್ರಿ ಮೇಷ್ಟ್ರೆ, ಕೂಡ್ರಿ,” ಎಂದು ಕಂಬಳಿ ಹಾಸಿ, ನೀರು ಕೊಟ್ಟು, ಅವ್ವನ ಆರೋಗ್ಯ ಕೇಳಿದರು. ಒಳಬಾಗಿಲ ಹತ್ತಿರ ಬಸವರಾಜ ಗೋಡೆಗೊರಗಿ ನಿಂತಿದ್ದ. ನಾನು ಡಬ್ಬಿಯನ್ನು ಬೆಳಕು ನೇರವಾಗಿ ಬೀಳುವಂತೆ ಅವರ ಮುಂದಿಟ್ಟು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಮಾತನ್ನು ಹೇಳಿದೆ: “ನಮ್ಮ ಗಿರಿಜ ತನ್ನ ಕೈಯಾರ ಮಾಡಿದ್ದು. ನೀವು ರುಚಿ ನೋಡಿ ಹೇಳಬೇಕು.”

ಅವರು ಮುಚ್ಚಳ ತೆಗೆದರು. ಒಳಗೆ ನೋಡಿದರು. ಡಬ್ಬಿಯನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದರು. “ಏನು ಮಾಡ್ಯಾಳ್ರಿ?” ಎಂದು ಕೇಳಿದರು.

ಬಗ್ಗಿ ನೋಡಿದೆ. ಡಬ್ಬಿಯ ತಳದಲ್ಲಿ ನನ್ನ ಮುಖ ಬಿಟ್ಟರೆ ಬೇರೇನೂ ಇರಲಿಲ್ಲ. ಹೆಣ್ಣು ಕೊಡಬೇಕಾದವನು ಬೀಗರಾಗಬೇಕಾದವರ ಮುಂದೆ ಬರಿದಾದ ಡಬ್ಬಿ ಇಟ್ಟು ರುಚಿ ನೋಡಿ ಅಂದಿದ್ದೆ. ಏನು ಹೇಳಿದೆನೋ ನೆನಪಿಲ್ಲ. ಬಂದೆ ಇರ್ರಿ ಅಂದೆನೆಂದು ಆಮೇಲೆ ಬಸವರಾಜ ಹೇಳಿದ. ಚಪ್ಪಲಿ ಬಿಟ್ಟು ಓಡಿದೆ. ಹೊಳೆಯ ಮೆಟ್ಟಿಲ ಮೇಲೆ ಒಂದು ಕಂದು ಆಕಳು ನನ್ನ ಟವೆಲಿನ ಮುಂದೆ ನಿಂತು ಇಪ್ಪತ್ತೊಂದನೆಯದನ್ನು ಸಾವಕಾಶವಾಗಿ ಅಗಿಯುತ್ತಿತ್ತು. ಟವೆಲಿನ ಒಂದು ತುದಿಯೂ ಅದರ ಬಾಯಲ್ಲಿತ್ತು. ಎಳೆದುಕೊಂಡೆ. ಅಲ್ಲಿಯೇ ಕೂತುಬಿಡಬೇಕೆನ್ನಿಸಿತು. ನಸುಕಿನಲ್ಲಿ ಒಲೆಯ ಮುಂದೆ ಬಗ್ಗಿದ್ದ ಗಿರಿಜ ಕಣ್ಣ ಮುಂದೆ ಬಂದಳು. ದಾವಣಗೆರೆಯ ರೈಲು ಹತ್ತಿ ಅವಳಿಗೆ ಮುಖ ತೋರಿಸುವುದಕ್ಕಿಂತ ಹಾಲಮ್ಮನವರಿಗೆ ತೋರಿಸುವುದೇ ಸುಲಭವೆಂದು ವಾಪಸು ಬಂದೆ.

ಬಂದು ಎಲ್ಲ ಹೇಳಿಬಿಟ್ಟೆ. ಅವ್ವ ಯಾವುದನ್ನು ಹೇಳಬೇಡ ಅಂದಿದ್ದಳೋ ಅದನ್ನೇ ಮೊದಲು ಹೇಳಿದೆ. ಚಿಂತೆಯಾದರೆ ನಾನು ಪಾತ್ರೆ ತಿಕ್ಕುವುದು, ಇಟ್ಟಿಗೆಪುಡಿ, ವಿಭೂತಿ, ಹೊಳೆ, ಆಕಳು. “ಅಮ್ಮಾರೆ, ಆ ಗೀರೆಲ್ಲ ನಂದು. ನಮ್ಮ ಹುಡುಗಿ ಡಬ್ಬಿಗೆ ಕೈ ಸಹ ಹಚ್ಚಿಲ್ಲ. ಶಿಕ್ಷೆ ಏನಿದ್ರೂ ನನಗ ಕೊಡ್ರಿ, ಆಕಿಗೆ ಬ್ಯಾಡ,” ಅಂದಾಗ ನನ್ನ ಧ್ವನಿ ಮೇಷ್ಟ್ರ ಧ್ವನಿಯಂತೆ ಇರಲಿಲ್ಲ. ಬಸವರಾಜ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಅವನ ಹೆಗಲು ಅಲುಗುತ್ತಿತ್ತು. ಅಳುತ್ತಿರಲಿಕ್ಕಿಲ್ಲ.

ಹಾಲಮ್ಮನವರು ನಗಲಿಲ್ಲ. ಆಕಳು ಬಿಟ್ಟುಕೊಟ್ಟ ಟವೆಲನ್ನೇ ನೋಡುತ್ತಿದ್ದರು. “ಆ ಗಂಟಿನಾಗ ಏನೈತ್ರಿ?” ಅಂದರು. ರೈಲಿನಲ್ಲಿ ತಿನ್ನಲೆಂದು ಕಟ್ಟಿಕೊಟ್ಟದ್ದು. ಚಿಂತೆಯಲ್ಲಿ ನಾನು ತಿಂದೇ ಇರಲಿಲ್ಲ. ಬಿಚ್ಚಿದೆ, ಎರಡು ಉಂಡೆ. ಒಂದನ್ನು ಮಗನಿಗೆ ಕೊಟ್ಟು, ಇನ್ನೊಂದನ್ನು ತಾವೇ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ಜೀವಮಾನದಲ್ಲಿ ಅಷ್ಟು ಹೊತ್ತು ಒಂದು ಶೇಂಗಾ ಉಂಡೆ ಅಗಿದವರನ್ನು ನಾನು ಕಂಡಿಲ್ಲ.

“ಪಾಕ ಛಲೋ ಹಿಡಿದಾಳ,” ಅಂದರು ಕಡೆಗೆ. “ಗೀರು ನನಗ ಬಾಗಿಲದಾಗ ಕಂಡಿತ್ತು ಮೇಷ್ಟ್ರೆ. ಹುಡುಗಿ ತಿಕ್ಕಿದ್ರ ಹಿಂಗೆ ತಿಕ್ಕತಿದ್ದಿಲ್ಲ, ಆಕಿಗೆ ಬ್ಯಾರೆ ಕೆಲಸ ಇರತೈತೆ. ನೀವು ಸುಳ್ಳು ಹೇಳ್ತೀರೇನೋ ಅಂತ ಕಾಯ್ತಿದ್ದೆ.” ಅವರು ಡಬ್ಬಿಗೆ ಸಕ್ಕರೆ ತುಂಬಿ ನನ್ನ ಕೈಗೆ ಕೊಟ್ಟರು. “ಇದನ್ನ ನಿಮ್ಮ ಅವ್ವಗ ಕೊಡ್ರಿ, ನಾವು ಒಪ್ಪೇವಿ ಅಂತ ಹೇಳ್ರಿ. ಮದುವಿ ಆದ ಮೇಲೆ ತಂಗಿ ಮನಿಗೆ ಬರ್ರಿ, ನಾಕು ದಿನ ಇರ್ರಿ, ಉಣ್ರಿ. ನಮ್ಮ ಬಚ್ಚಲ ಕಡಿಗೆ ಮಾತ್ರ ಹೋಗಬ್ಯಾಡ್ರಿ.”

ಮದುವೆ ಬೇಸಿಗೆಯಲ್ಲಿ ನಮ್ಮ ಮನೆಯ ಮುಂದಿನ ಚಪ್ಪರದಲ್ಲೇ ಆಯಿತು. ಎಲ್ಲ ಸುಸೂತ್ರ, ಸಾರಿಗೆ ಉಪ್ಪು ಕಮ್ಮಿ ಅಂದವರು ಒಬ್ಬರು, ಜಾಸ್ತಿ ಅಂದವರು ಒಬ್ಬರು. ನನಗೆ ಚಿಂತೆ ಮಾಡಲು ಏನೂ ಉಳಿದಿರಲಿಲ್ಲ. ಸಂಜೆ ಹೆಣ್ಣು ಒಪ್ಪಿಸುವ ಹೊತ್ತಿಗೆ ಅಣ್ಣನನ್ನು ಕರೀರಿ ಅಂತ ಚಪ್ಪರದಲ್ಲಿ ಕೂಗು ಎದ್ದಿತಂತೆ. ನನಗೆ ಕೇಳಿಸಲಿಲ್ಲ. ನಾನು ಹಿತ್ತಲಲ್ಲಿ, ಅಡುಗೆಯವರು ತೊಳೆಯಲು ಬಿಟ್ಟಿದ್ದ ದೊಡ್ಡ ಹಿತ್ತಾಳೆ ಹಂಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದೆ. ಎಷ್ಟು ಹೊತ್ತಾಗಿತ್ತೋ, ತಲೆಯೆತ್ತಿದರೆ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಹಾಲಮ್ಮನವರು ನಿಂತಿದ್ದರು.

“ಮೇಷ್ಟ್ರೆ, ಗಿರಿಜ ನೀವು ಬರದೆ ಏಳಂಗಿಲ್ಲ ಅಂತ ಕೂತಾಳ,” ಅಂದರು. ಆಮೇಲೆ ಬಗ್ಗಿ ನನ್ನ ಮುಖ ನೋಡಿದರು.

“ಏನಿಲ್ಲ ಅಮ್ಮಾರೆ,” ಅಂದೆ, ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಾ. “ಕಣ್ಣಿಗೆ ಬೂದಿ ಬಿತ್ತು.”

ಅವರು ಹಂಡೆಯ ಈ ಕಡೆ ನೋಡಿದರು, ಆ ಕಡೆ ನೋಡಿದರು. “ಬೂದಿ ಎಲ್ಲೈತ್ರಿ?” ಎಂದು ಮೆತ್ತಗೆ ಕೇಳಿದರು. ನಾನೂ ನೋಡಿದೆ. ಬೂದಿಯಿರಲಿಲ್ಲ, ಹುಣಸೆಹಣ್ಣಿರಲಿಲ್ಲ, ನಾರೂ ಇರಲಿಲ್ಲ. ಅಷ್ಟು ಹೊತ್ತೂ ಆ ಹಂಡೆಯನ್ನು ನಾನು ಬರಿಗೈಯಲ್ಲಿ ತಿಕ್ಕುತ್ತಿದ್ದೆ.